ಕರಾವಳಿ ಗದ್ದೆಗಳಲ್ಲಿ ಟ್ರ್ಯಾಕ್ಟರಿನ ಹಿಂಬದಿ ಜೋಡಣೆಯ ರಕ್ಷಣೆ

ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳಲ್ಲಿ ಮುಂಗಾರು ಹಿಡಿದ ಮೇಲೆ ಗದ್ದೆ ಹದ ಮಾಡಲು ದೊರೆಯುವ ದಿನಗಳು ಕೆಲವೇ. ಸಸಿಮಡಿಯಲ್ಲಿ ಅಗೆ ಬಲಿತು ನಿಂತಿರುತ್ತದೆ. ನಾಟಿಯ ಆಳುಗಳಿಗೆ ದಿನ ಗೊತ್ತಾಗಿರುತ್ತದೆ. ಅಂಥ ಸಮಯದಲ್ಲಿ ಟ್ರ್ಯಾಕ್ಟರಿನ ಇಂಜಿನ್ನು ಗುಂಡುಕಲ್ಲಿನಂತಿದ್ದರೂ ಅದರ ಹಿಂಬದಿಯ ಒಂದು ತೋಳು ಬಾಗಿದರೆ ಅಥವಾ ಒಂದು ಪಿನ್ನು ತುಂಡಾದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಬಿಡಿಭಾಗ ಬರುವವರೆಗೆ ಒಬ್ಬನ ಗದ್ದೆ ಮಾತ್ರವಲ್ಲ, ಸರದಿಯಲ್ಲಿ ಕಾಯುತ್ತಿರುವ ನಾಲ್ಕಾರು ಮನೆಗಳ ಗದ್ದೆಯೂ ಹಿಂದೆ ಬೀಳುತ್ತದೆ.

ಹಿಂಬದಿ ಜೋಡಣೆ ಕೆಡುವುದು ಸಾಮಾನ್ಯವಾಗಿ ಹಳೆಯದಾದ ಕಾರಣದಿಂದಲ್ಲ. ಬಹುಪಾಲು ಹಾನಿಯು ಉಪಕರಣವನ್ನು ನೆಲದಲ್ಲಿಟ್ಟುಕೊಂಡೇ ತಿರುಗುವಾಗ, ಹಿಂದಕ್ಕೆ ಬರುವಾಗ, ಅಂಚು ದಾಟುವಾಗ ಮತ್ತು ಕೆಸರಿನಲ್ಲಿ ಹೂತ ಗಾಡಿಯನ್ನು ಎಳೆಯುವಾಗ ಆಗುತ್ತದೆ. ಇವೆಲ್ಲವೂ ಚಾಲಕನ ಕೈಯಲ್ಲಿರುವ ಸಂಗತಿಗಳು. ಆದುದರಿಂದ ಜೋಡಣೆಯ ಯಾವ ಭಾಗಕ್ಕೆ ಯಾವ ಕೆಲಸ ಎಂಬುದನ್ನು ತಿಳಿದುಕೊಂಡರೆ ಈ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಮೂರು ಬಿಂದುಗಳ ಜೋಡಣೆ

ಈ ಜೋಡಣೆಯ ಹಿಂದಿನ ತತ್ವವನ್ನು ರೂಪಿಸಿದವನು ಐರ್ಲೆಂಡಿನ ಹ್ಯಾರಿ ಫರ್ಗ್ಯೂಸನ್ (1884–1960). ಅದಕ್ಕೆ ಮೊದಲು ನೇಗಿಲನ್ನು ಗಾಡಿಯಂತೆ ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಎಳೆಯುವುದು ರೂಢಿಯಾಗಿತ್ತು. ನೇಗಿಲು ಬಂಡೆಗೆ ಸಿಕ್ಕಿಕೊಂಡಾಗ ಟ್ರ್ಯಾಕ್ಟರಿನ ಮುಂಭಾಗ ಮೇಲಕ್ಕೆದ್ದು ಚಾಲಕನ ಮೇಲೆಯೇ ಮಗುಚುವ ಅಪಾಯವಿತ್ತು. ಟ್ರ್ಯಾಕ್ಟರು ಮತ್ತು ನೇಗಿಲು ಒಂದೇ ಯಂತ್ರದಂತೆ ಕೆಲಸ ಮಾಡಬೇಕೆಂಬ ಆತನ ವಿಚಾರಕ್ಕೆ 1926ರಲ್ಲಿ ಹಕ್ಕುಪತ್ರ ದೊರೆಯಿತು. 1936ರಲ್ಲಿ ಮಾರಾಟಕ್ಕೆ ಬಂದ ಫರ್ಗ್ಯೂಸನ್-ಬ್ರೌನ್ ಟ್ರ್ಯಾಕ್ಟರಿನಲ್ಲಿ ಮೂರು ಬಿಂದುಗಳ ಜೋಡಣೆ ಹೈಡ್ರಾಲಿಕ್ ಎತ್ತುಗೆಯೊಂದಿಗೆ ಬಂದಿತು. ಇಂದು ನಮ್ಮ ಹಳ್ಳಿಗಳಲ್ಲಿ ಓಡುವ ಟ್ರ್ಯಾಕ್ಟರುಗಳಲ್ಲಿ ಕಾಣುವುದು ಅದರ ಸುಧಾರಿತ ರೂಪವೇ.

ಇದರ ಮುಖ್ಯ ಭಾಗಗಳು ಮತ್ತು ಅವುಗಳ ಕೆಲಸ ಹೀಗಿದೆ:

1. ಎರಡು ಕೆಳತೋಳುಗಳು: ನೇಗಿಲು, ಕಲ್ಟಿವೇಟರುಗಳನ್ನು ಎಳೆಯುವುದು ಇವುಗಳ ಕೆಲಸ. ಎಳೆತವನ್ನು ತಾಳಲು ಇವು ಗಟ್ಟಿ. ಹಿಂದಿನಿಂದ ಒತ್ತು ಅಥವಾ ಪಕ್ಕದಿಂದ ಪೆಟ್ಟು ಬಿದ್ದರೆ ಬಾಗುತ್ತವೆ.

2. ಟಾಪ್ ಲಿಂಕ್: ನೇಗಿಲು ನೆಲದಲ್ಲಿರುವಾಗ ಇದು ಟ್ರ್ಯಾಕ್ಟರನ್ನು ಹಿಂದಿನಿಂದ ಒತ್ತಿ ಹಿಡಿದು ಮುಂಭಾಗ ಏಳದಂತೆ ನೋಡಿಕೊಳ್ಳುತ್ತದೆ. ಉಪಕರಣದ ಮುಂದು-ಹಿಂದಿನ ಓರೆಯನ್ನು ಸರಿಪಡಿಸುವುದೂ ಇದರಿಂದಲೇ.

3. ಲಿಫ್ಟ್ ರಾಡುಗಳು: ಹೈಡ್ರಾಲಿಕ್ ತೋಳುಗಳ ಬಲವನ್ನು ಕೆಳತೋಳುಗಳಿಗೆ ಮುಟ್ಟಿಸಿ ಉಪಕರಣವನ್ನು ಎತ್ತುತ್ತವೆ. ಬಲಬದಿಯ ರಾಡಿನ ಉದ್ದವನ್ನು ಬದಲಿಸಿ ಉಪಕರಣವನ್ನು ಅಡ್ಡಮಟ್ಟಕ್ಕೆ ತರಲಾಗುತ್ತದೆ.

4. ಚೆಕ್ ಚೈನುಗಳು: ಕೆಳತೋಳುಗಳು ಪಕ್ಕಕ್ಕೆ ಓಲಾಡಿ ಟೈರಿಗೆ ಅಥವಾ ಕೇಜ್ ವೀಲಿಗೆ ತಾಗದಂತೆ ತಡೆಯುತ್ತವೆ.

ರೋಟವೇಟರಿನ ವಿಷಯ ಸ್ವಲ್ಪ ಬೇರೆ. ಅದರ ಅಲಗುಗಳು ತಿರುಗುವಾಗ ಅದು ತಾನೇ ಟ್ರ್ಯಾಕ್ಟರನ್ನು ಮುಂದಕ್ಕೆ ತಳ್ಳುತ್ತದೆ. ಆದುದರಿಂದ ರೋಟವೇಟರ್ ಹೂಡಿದಾಗ ಕೆಳತೋಳುಗಳ ಮೇಲೆ ಎಳೆತ ಮತ್ತು ಒತ್ತು ಎರಡೂ ಕ್ಷಣಕ್ಷಣಕ್ಕೂ ಬದಲಾಗುತ್ತಿರುತ್ತವೆ. ಸಡಿಲವಾದ ಪಿನ್ನುಗಳು ಇದರಲ್ಲಿ ಬೇಗ ಸವೆಯುತ್ತವೆ.

ನಮ್ಮ ಗದ್ದೆಗಳಲ್ಲಿ ಹಾನಿ ಹೆಚ್ಚೇಕೆ?

ಬಯಲುಸೀಮೆಯ ಉದ್ದನೆಯ ಹೊಲಗಳಿಗೂ ಕರಾವಳಿಯ ಗದ್ದೆಗಳಿಗೂ ದೊಡ್ಡ ಅಂತರವಿದೆ. ಇಲ್ಲಿನ ಗದ್ದೆಗಳು ಚಿಕ್ಕವು, ಮಟ್ಟ ಬೇರೆ ಬೇರೆ, ನಡುವೆ ಅಂಚುಗಳು. 30 ಮೀಟರ್ ಉದ್ದ, 15 ಮೀಟರ್ ಅಗಲದ ಗದ್ದೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಒಂದೂವರೆ ಮೀಟರ್ ಅಗಲದ ರೋಟವೇಟರಿನಿಂದ ಇದನ್ನು ಮುಗಿಸಲು 10 ಸಾಲು ಬೇಕು, 9 ಸಲ ತಿರುಗಬೇಕು. ಇಂಥ 9 ಗದ್ದೆಗಳು ಸೇರಿದರೆ ಒಂದು ಎಕರೆ. ಅಂದರೆ ಒಂದು ಸುತ್ತಿನ ಹೂಟಿಗೆ ಸುಮಾರು 80 ತಿರುವು, ಅದರ ಮೇಲೆ ಅಂಚು ದಾಟುವುದು ಬೇರೆ. ಅದೇ ಒಂದು ಎಕರೆ ಒಂದೇ ಚೌಕದ ಹೊಲವಾಗಿದ್ದರೆ 40ರಷ್ಟು ತಿರುವುಗಳು ಸಾಕು. ಜೋಡಣೆಗೆ ಪೆಟ್ಟು ಬೀಳುವುದು ತಿರುವಿನಲ್ಲಿ. ಆದ್ದರಿಂದ ಇಲ್ಲಿ ಅದು ಇಮ್ಮಡಿ ಪೆಟ್ಟು ತಿನ್ನುತ್ತದೆ.

ನೆಲದ ಗುಣವೂ ಒಂದೇ ಸಮನಾಗಿಲ್ಲ. ಬೆಟ್ಟು ಗದ್ದೆಗಳಲ್ಲಿ ಮೇಲ್ಮಣ್ಣಿನ ಕೆಳಗೆ ಮುರಕಲ್ಲು ಸಿಗುತ್ತದೆ. ತೋಟದ ಪಕ್ಕದ ಮಜಲು ಗದ್ದೆಗಳಲ್ಲಿ ಮರದ ಬೇರು, ಬುಡಗಳು ಅಡಗಿರುತ್ತವೆ. ಬೈಲು ಗದ್ದೆಗಳಲ್ಲಿ ಕಲ್ಲಿಲ್ಲದಿದ್ದರೂ ಕೆಸರು ಆಳ, ಗಾಡಿ ಹೂತುಹೋಗುವ ಭಯ. ಸುಗ್ಗಿಯ ಕಾಲಕ್ಕೆ ನೆಲಗಡಲೆ, ಉದ್ದು ಹಾಕುವ ಗದ್ದೆಗಳನ್ನು ಒಣಹದದಲ್ಲಿ ಉಳುವಾಗ ಗಟ್ಟಿಯಾದ ತಳಮಣ್ಣು ಎದುರಾಗುತ್ತದೆ. ಹೀಗೆ ಒಂದೇ ಟ್ರ್ಯಾಕ್ಟರು ವರ್ಷದೊಳಗೆ ನಾಲ್ಕು ಬಗೆಯ ನೆಲವನ್ನು ಎದುರಿಸುತ್ತದೆ.

ಪಿನ್ನಿನ ಅಳತೆ ಹೊಂದಿರಬೇಕು

ಜೋಡಣೆಗಳನ್ನು ಅಳತೆಗೆ ಅನುಗುಣವಾಗಿ ವರ್ಗಗಳಾಗಿ ವಿಂಗಡಿಸಲಾಗಿದೆ. 1ನೆಯ ವರ್ಗದಲ್ಲಿ ಕೆಳತೋಳಿನ ಪಿನ್ನು 22 ಮಿಲಿಮೀಟರ್, ಟಾಪ್ ಲಿಂಕ್ ಪಿನ್ನು 19 ಮಿಲಿಮೀಟರ್ ದಪ್ಪ. 2ನೆಯ ವರ್ಗದಲ್ಲಿ ಇವು ಕ್ರಮವಾಗಿ ಸುಮಾರು 28 ಮತ್ತು 25 ಮಿಲಿಮೀಟರ್. ಉಪಕರಣದ ಕೆಳಗಿನ ಎರಡು ಬಿಂದುಗಳ ನಡುವಿನ ಅಂತರ 1ನೆಯ ವರ್ಗದಲ್ಲಿ ಸುಮಾರು 68 ಸೆಂಟಿಮೀಟರ್, 2ನೆಯ ವರ್ಗದಲ್ಲಿ ಸುಮಾರು 82 ಸೆಂಟಿಮೀಟರ್.

ಬಾಡಿಗೆ ಉಪಕರಣಗಳು ಕೈಯಿಂದ ಕೈಗೆ ಹೋಗುವಾಗ ಈ ಅಳತೆ ತಪ್ಪುತ್ತದೆ. 28 ಮಿಲಿಮೀಟರಿನ ತೂತಿಗೆ 22ರ ಪಿನ್ನು ಹಾಕಿದರೆ ಪಿನ್ನು ಒಳಗೆ ಕುಣಿಯುತ್ತದೆ, ತೋಳಿನ ತುದಿಯ ಉಂಡೆ ಅಂಡಾಕಾರಕ್ಕೆ ಸವೆಯುತ್ತದೆ, ಕೊನೆಗೆ ಪಿನ್ನು ಒಂದೇ ಪೆಟ್ಟಿಗೆ ತುಂಡಾಗುತ್ತದೆ. ಇಂಥ ಸಂದರ್ಭಕ್ಕೆಂದೇ ಬುಷ್‌ಗಳು ದೊರೆಯುತ್ತವೆ. ಅವನ್ನು ಹಾಕದೆ ಕೆಲಸಕ್ಕೆ ಇಳಿಯಬಾರದು. ಪಿನ್ನಿನ ಬದಲಿಗೆ ಮನೆ ಕಟ್ಟುವ ಕಬ್ಬಿಣದ ಸರಳಿನ ತುಂಡನ್ನೂ ಲಿಂಚ್ ಪಿನ್ನಿನ ಬದಲಿಗೆ ಮೊಳೆ ಅಥವಾ ತಂತಿಯನ್ನೂ ಹಾಕುವ ಪದ್ಧತಿ ಅಲ್ಲಲ್ಲಿ ಕಂಡುಬರುತ್ತದೆ. ಅಗ್ಗದ ಈ ಉಪಾಯ ಉಳಿಸುವುದಕ್ಕಿಂತ ಕಳೆಯುವುದೇ ಹೆಚ್ಚು. ಎರಡೆರಡು ಹೆಚ್ಚಿನ ಪಿನ್ನುಗಳು ಉಪಕರಣಪೆಟ್ಟಿಗೆಯಲ್ಲಿ ಯಾವಾಗಲೂ ಇರಲಿ.

ಕೆಲಸದ ವೇಳೆ ಗಮನಿಸತಕ್ಕ ಅಂಶಗಳು

1. ಮೊದಲು ಎತ್ತಿ, ಆಮೇಲೆ ತಿರುಗಿಸಿ: ಸಾಲಿನ ಕೊನೆಗೆ ಬಂದಾಗ ಉಪಕರಣ ಪೂರ್ತಿ ನೆಲ ಬಿಟ್ಟ ಮೇಲೆಯೇ ಸ್ಟಿಯರಿಂಗ್ ತಿರುಗಿಸಬೇಕು. ಅಲಗು ಮಣ್ಣಿನಲ್ಲಿರುವಾಗ ತಿರುಗಿಸಿದರೆ ಇಡೀ ಪಕ್ಕದ ಒತ್ತು ಕೆಳತೋಳುಗಳ ಮೇಲೂ ಚೆಕ್ ಚೈನುಗಳ ಮೇಲೂ ಬೀಳುತ್ತದೆ. ಚೈನು ಹರಿದರೆ ತೋಳು ಟೈರನ್ನು ಕೊರೆಯುತ್ತದೆ. ಕೇಜ್ ವೀಲ್ ಹಾಕಿದಾಗ ಅಪಾಯ ಇನ್ನೂ ಹೆಚ್ಚು.

2. ಉಪಕರಣ ಕೆಳಗಿರುವಾಗ ರಿವರ್ಸ್ ಹಾಕಬಾರದು: ಗದ್ದೆಯ ಮೂಲೆಯನ್ನು ಬಿಡದೆ ಉಳುವ ಆಸೆಯಿಂದ ಹಿಂದಕ್ಕೆ ಬರುವಾಗ ಅನೇಕರು ಎತ್ತಲು ಮರೆಯುತ್ತಾರೆ. ಎಳೆಯಲೆಂದು ಮಾಡಿದ ತೋಳುಗಳು ಆಗ ಹಿಂದಕ್ಕೆ ನೂಕುವ ಕೋಲುಗಳಾಗುತ್ತವೆ ಮತ್ತು ಬಿಲ್ಲಿನಂತೆ ಬಾಗುತ್ತವೆ. ಮೂಲೆಯ ನಾಲ್ಕು ಚದರ ಅಡಿಯನ್ನು ಗುದ್ದಲಿಯಿಂದ ಕಡಿದುಕೊಳ್ಳುವುದು ಲೇಸು.

3. ಕಲ್ಲು ತಾಗಿದರೆ ನಿಲ್ಲಿಸಿ: ಕಲ್ಟಿವೇಟರಿನ ತುದಿಯ ಹಲ್ಲು ಕಲ್ಲಿಗೆ ಸಿಕ್ಕಿದಾಗ ಆಗುವುದನ್ನು ಲೆಕ್ಕದಿಂದ ತಿಳಿಯಬಹುದು. ಹಲ್ಲು ನಡುವಿನಿಂದ 90 ಸೆಂಟಿಮೀಟರ್ ದೂರದಲ್ಲಿದ್ದು, ಅಲ್ಲಿ 500 ಕಿಲೋಗ್ರಾಂನಷ್ಟು ತಡೆ ಬಂದಿತೆನ್ನೋಣ. ಇದು ಎರಡು ತೋಳುಗಳಿಗೆ ಸಮನಾಗಿ ಹಂಚಿಹೋಗುವುದಿಲ್ಲ. 68 ಸೆಂಟಿಮೀಟರ್ ಅಂತರದ ಜೋಡಣೆಯಲ್ಲಿ ಆ ಬದಿಯ ತೋಳಿನ ಮೇಲೆ ಸುಮಾರು 900 ಕಿಲೋಗ್ರಾಂ ಎಳೆತವೂ, ಇನ್ನೊಂದು ಬದಿಯ ತೋಳಿನ ಮೇಲೆ ಸುಮಾರು 400 ಕಿಲೋಗ್ರಾಂ ಒತ್ತೂ ಬೀಳುತ್ತದೆ. ಕಲ್ಲು ತಾಗಿದ್ದು ಬಲಕ್ಕೆ, ಬಾಗಿದ್ದು ಎಡತೋಳು ಎಂದು ಚಾಲಕರು ಆಶ್ಚರ್ಯಪಡುವುದು ಇದರಿಂದಲೇ. ಇಂಥ ನೆಲದಲ್ಲಿ ಗೇರು ಇಳಿಸಿ ನಿಧಾನ ಹೋಗಬೇಕು. ಬೆಟ್ಟು ಗದ್ದೆಗೆ ಬಿಗಿ ಹಲ್ಲಿನದಕ್ಕಿಂತ ಸ್ಪ್ರಿಂಗ್ ಹಲ್ಲಿನ ಕಲ್ಟಿವೇಟರ್ ಸೂಕ್ತ. ಪೆಟ್ಟಿಗೆ ಮುರಿಯಲೆಂದೇ ಕೊಟ್ಟಿರುವ ಬೋಲ್ಟ್ ಇರುವ ಉಪಕರಣಗಳಲ್ಲಿ ಅದೇ ಗಟ್ಟಿತನದ ಬೋಲ್ಟನ್ನೇ ಹಾಕಬೇಕು. ಹೆಚ್ಚು ಗಟ್ಟಿ ಬೋಲ್ಟ್ ಹಾಕಿದರೆ ಬೋಲ್ಟ್ ಉಳಿದು ತೋಳು ಮುರಿಯುತ್ತದೆ.

4. ಅಂಚು ದಾಟುವ ಕ್ರಮ: ಅಂಚಿನ ತಗ್ಗಾದ ಕಂಡಿಯನ್ನು ಆರಿಸಿ, ಬೇಕಿದ್ದರೆ ಗುದ್ದಲಿಯಿಂದ ಇಳಿಜಾರು ಮಾಡಿಕೊಂಡು, ಅಂಚಿಗೆ ನೇರವಾಗಿ ಕೆಳಗಿನ ಗೇರಿನಲ್ಲಿ ದಾಟಬೇಕು. ಐದಾರು ಅಡಿ ಅಗಲದ ರೋಟವೇಟರಿನ ತೂಕ 400 ಕಿಲೋಗ್ರಾಂ ದಾಟುತ್ತದೆ. ಎತ್ತಿದ ಉಪಕರಣದೊಂದಿಗೆ ಹಿಂದಿನ ಚಕ್ರ ಧಪ್ಪನೆ ಕೆಳಗೆ ಬಿದ್ದರೆ ನಿಂತ ಭಾರದ ಎರಡು ಪಟ್ಟಿಗೂ ಹೆಚ್ಚಿನ ಜಗ್ಗು ಲಿಫ್ಟ್ ರಾಡುಗಳ ಮೇಲೆ ಬೀಳುತ್ತದೆ. ಅಂಚು ದಾಟುವಾಗ ಪಿ.ಟಿ.ಓ. ನಿಲ್ಲಿಸಿರಬೇಕು. ಶಾಫ್ಟ್ ಓರೆಯಾಗಿ ತಿರುಗಿದರೆ ಅದರ ಕೀಲುಗಳು ಒಡೆಯುತ್ತವೆ.

5. ಚೆಕ್ ಚೈನಿನ ಹದ: ನೇಗಿಲು ಮತ್ತು ಕಲ್ಟಿವೇಟರಿಗೆ ಎರಡೂ ಬದಿಗೆ ಸುಮಾರು 5 ಸೆಂಟಿಮೀಟರ್ ಓಲಾಟವಿರಲಿ, ಅಡಚಣೆ ಬಂದಾಗ ಉಪಕರಣ ಸ್ವಲ್ಪ ಸರಿದುಕೊಳ್ಳುತ್ತದೆ. ರೋಟವೇಟರಿಗೆ ಚೈನು ಬಿಗಿಯಾಗಿರಲಿ. ರಸ್ತೆಯಲ್ಲಿ ಸಾಗಿಸುವಾಗ ಯಾವ ಉಪಕರಣವಿದ್ದರೂ ಬಿಗಿ ಮಾಡಿಕೊಳ್ಳಬೇಕು.

6. ಟ್ರೇಲರನ್ನು ಕೆಳತೋಳುಗಳ ನಡುವಿನ ತೂತುಪಟ್ಟಿಗೆ ಕಟ್ಟಬಾರದು: ಮರಳು, ಕೆಂಪುಕಲ್ಲು ಹೇರಿದ ಎರಡು ಚಕ್ರದ ಟ್ರೇಲರಿನ ಮೂತಿ ಭಾರ ಹೈಡ್ರಾಲಿಕ್ ಮೇಲೆ ಬೀಳುತ್ತದೆ. ಅದನ್ನು ಟ್ರ್ಯಾಕ್ಟರಿನ ದೇಹಕ್ಕೆ ಬಿಗಿದಿರುವ ಕೊಂಡಿಗೇ ಸಿಕ್ಕಿಸಬೇಕು.

ಹೂತ ಟ್ರ್ಯಾಕ್ಟರು ಮತ್ತು ಜೀವಾಪಾಯ

ಇದುವರೆಗೆ ಹೇಳಿದ ತಪ್ಪುಗಳಿಂದ ಹಣ ಹೋಗುತ್ತದೆ, ದಿನ ಹೋಗುತ್ತದೆ. ಮುಂದೆ ಹೇಳುವ ತಪ್ಪಿನಿಂದ ಪ್ರಾಣವೇ ಹೋಗಬಹುದು.

ಬೈಲು ಗದ್ದೆಯಲ್ಲಿ ಒಂದು ಟ್ರ್ಯಾಕ್ಟರು ಹೂತಾಗ ಇನ್ನೊಂದನ್ನು ತಂದು ಎಳೆಯುವುದು ಸಾಮಾನ್ಯ. ಆಗ ಸರಪಳಿಯನ್ನು ಎಳೆಯುವ ಟ್ರ್ಯಾಕ್ಟರಿನ ಟಾಪ್ ಲಿಂಕ್ ಕೂರಿಸುವ ಜಾಗಕ್ಕೆ ಸಿಕ್ಕಿಸುತ್ತಾರೆ, ಏಕೆಂದರೆ ಅದು ಕೈಗೆ ಎಟುಕುವ ಎತ್ತರದಲ್ಲಿದೆ, ಕೆಸರಿಲ್ಲ. ತೆಂಗಿನ ಬುಡ ಕೀಳುವಾಗಲೂ ಹೀಗೆಯೇ ಮಾಡುತ್ತಾರೆ. ಒಟ್ಟು 2000 ಕಿಲೋಗ್ರಾಂ ತೂಕದ ಟ್ರ್ಯಾಕ್ಟರಿನ ಮುಂದಿನ ಚಕ್ರಗಳ ಮೇಲೆ 800 ಕಿಲೋಗ್ರಾಂ ಇದ್ದು, ಮುಂದಿನ ಹಾಗೂ ಹಿಂದಿನ ಅಚ್ಚುಗಳ ನಡುವೆ 1.9 ಮೀಟರ್ ಅಂತರವಿದೆಯೆನ್ನೋಣ. ಸರಪಳಿ ನೆಲದಿಂದ 95 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಸುಮಾರು 1600 ಕಿಲೋಗ್ರಾಂ ಎಳೆತಕ್ಕೇ ಮುಂಭಾಗ ಏಳುತ್ತದೆ. ಅದೇ ಸರಪಳಿ 45 ಸೆಂಟಿಮೀಟರ್ ಎತ್ತರದ ಕೊಂಡಿಯಲ್ಲಿದ್ದರೆ ಏಳಲು ಸುಮಾರು 3400 ಕಿಲೋಗ್ರಾಂ ಬೇಕು. ಅಷ್ಟು ಎಳೆತ ಬರುವ ಮೊದಲೇ ಚಕ್ರ ಜಾರಿಬಿಡುತ್ತದೆ. ಚಕ್ರ ಜಾರುವುದೇ ಇಲ್ಲಿ ಚಾಲಕನಿಗೆ ರಕ್ಷೆ. ಮುಂಭಾಗ ಎದ್ದ ಮೇಲೆ ಟ್ರ್ಯಾಕ್ಟರು ಮಗುಚಲು ಎರಡು ಸೆಕೆಂಡೂ ಹಿಡಿಯುವುದಿಲ್ಲ. ಕ್ಲಚ್ ಒತ್ತುವಷ್ಟು ಸಮಯವೂ ಸಿಗದು.

ಇದಕ್ಕಿಂತಲೂ ಕೆಟ್ಟದ್ದು ಹೂತ ಹಿಂದಿನ ಚಕ್ರಕ್ಕೆ ಮರದ ದಿಮ್ಮಿ ಕಟ್ಟಿ ಮುಂದಿನ ಗೇರಿನಲ್ಲಿ ಏಳಿಸುವ ಪ್ರಯತ್ನ. ಚಕ್ರಕ್ಕೆ ತಿರುಗಲು ಆಗದಿದ್ದರೆ ಇಂಜಿನ್ನಿನ ಬಲ ಟ್ರ್ಯಾಕ್ಟರಿನ ದೇಹವನ್ನೇ ಅಚ್ಚಿನ ಸುತ್ತ ಮೇಲಕ್ಕೆ ತಿರುಗಿಸುತ್ತದೆ. ಇದನ್ನು ಎಂದಿಗೂ ಮಾಡಕೂಡದು.

ಟ್ರ್ಯಾಕ್ಟರು ಹೂತಾಗ ಅನುಸರಿಸತಕ್ಕ ಕ್ರಮ ಇದು: ಚಕ್ರ ತಿರುಗಿಸುತ್ತಾ ಇನ್ನಷ್ಟು ಆಳಕ್ಕೆ ಇಳಿಸದೆ ಕೂಡಲೇ ನಿಲ್ಲಿಸಬೇಕು. ಪಿ.ಟಿ.ಓ. ಬಿಡಿಸಿ, ಉಪಕರಣವನ್ನು ಎತ್ತಿ, ಚಕ್ರಗಳ ಹಿಂದಿನ ಕೆಸರನ್ನು ಗುದ್ದಲಿಯಿಂದ ತೆಗೆದು ರಿವರ್ಸ್ ಗೇರಿನಲ್ಲಿ ನಿಧಾನವಾಗಿ ಹೊರಬರಲು ನೋಡಬೇಕು. ಆಗದಿದ್ದರೆ ಗಟ್ಟಿ ನೆಲದಲ್ಲಿ ನಿಂತ ಇನ್ನೊಂದು ಟ್ರ್ಯಾಕ್ಟರಿನ ಕೆಳಗಿನ ಕೊಂಡಿಗೆ ಸರಪಳಿ ಹಾಕಿ, ಜಗ್ಗದೆ ನಿಧಾನವಾಗಿ ಎಳೆಸಬೇಕು. ಎಳೆಯುವಾಗ ಸರಪಳಿಯ ಹತ್ತಿರ ಯಾರೂ, ವಿಶೇಷವಾಗಿ ನೋಡಲು ಬರುವ ಮಕ್ಕಳು, ನಿಲ್ಲಬಾರದು. ಹರಿದ ಸರಪಳಿ ಚಾಟಿಯಂತೆ ಬೀಸುತ್ತದೆ.

ಜೋಡಿಸುವುದು ಮತ್ತು ಬಿಡಿಸುವುದು

ಉಪಕರಣವನ್ನು ಸಮತಟ್ಟಾದ ಜಾಗದಲ್ಲಿರಿಸಿ, ಮೊದಲು ಎಡಗಡೆಯ ಕೆಳತೋಳು, ಅನಂತರ ಬಲಗಡೆಯ ಕೆಳತೋಳು, ಕೊನೆಗೆ ಟಾಪ್ ಲಿಂಕ್ ಹೀಗೆ ಜೋಡಿಸಬೇಕು. ಬಲಗಡೆಯ ತೋಳನ್ನು ಲಿಫ್ಟ್ ರಾಡಿನ ಹಿಡಿಯಿಂದ ಎತ್ತಿ ಇಳಿಸಿ ಹೊಂದಿಸಬಹುದು. ಸುತ್ತಿಗೆಯಿಂದ ಬಡಿದು ಕೂರಿಸುವ ಅಗತ್ಯವಿಲ್ಲ. ಬಿಡಿಸುವಾಗ ಇದರ ಹಿಮ್ಮುಖ ಕ್ರಮ. ಟ್ರ್ಯಾಕ್ಟರು ಹಿಂದಕ್ಕೆ ಬರುತ್ತಿರುವಾಗ ಯಾರೂ ನಡುವೆ ನಿಲ್ಲಬಾರದು. ಇಂಜಿನ್ ನಿಲ್ಲಿಸಿದ ಮೇಲೆಯೇ ಪಿನ್ನಿಗೆ ಕೈಹಾಕಬೇಕು. ಎತ್ತಿ ನಿಲ್ಲಿಸಿದ ಉಪಕರಣದ ಕೆಳಗೆ ಬರೀ ಹೈಡ್ರಾಲಿಕ್ಕನ್ನು ನಂಬಿ ನುಸುಳಬಾರದು, ದಿಮ್ಮಿಯ ಆಸರೆ ಕೊಡಬೇಕು.

ಉಪ್ಪುಗಾಳಿ, ಕೆಸರು ಮತ್ತು ದಿನನಿತ್ಯದ ಆರೈಕೆ

ಸಮುದ್ರದಿಂದ ಬೀಸುವ ಉಪ್ಪುಗಾಳಿ ಮತ್ತು ನಾಲ್ಕು ತಿಂಗಳ ಮಳೆ ಇಲ್ಲಿನ ಕಬ್ಬಿಣಕ್ಕೆ ಶತ್ರುಗಳು. ಕೆಸರು ಮೆತ್ತಿದ ಉಂಡೆಗಳು ರಾತ್ರಿ ಕಳೆಯುವಷ್ಟರಲ್ಲಿ ಬಿಗಿದುಕೊಳ್ಳುತ್ತವೆ, ತಿರುಪುಗಳು ತುಕ್ಕು ಹಿಡಿಯುತ್ತವೆ. ಆದುದರಿಂದ:

ಅ) ಪ್ರತಿ ಸಂಜೆ ಜೋಡಣೆಯನ್ನು ನೀರಿನಿಂದ ತೊಳೆದು, ಉಂಡೆಗಳಿಗೂ ತಿರುಪುಗಳಿಗೂ ಎಣ್ಣೆ ಬಿಡಬೇಕು. ಗ್ರೀಸ್ ನಿಪ್ಪಲ್ ಇರುವಲ್ಲಿ ಗ್ರೀಸ್ ತುಂಬಬೇಕು.

ಆ) ಪ್ರತಿ ಬೆಳಿಗ್ಗೆ ಲಿಂಚ್ ಪಿನ್ನುಗಳು, ಚೆಕ್ ಚೈನಿನ ಕೊಂಡಿಗಳು, ಟಾಪ್ ಲಿಂಕಿನ ಬಿಗಿನಟ್ಟು ಇವನ್ನು ಕಣ್ಣಿನಿಂದಲೂ ಕೈಯಿಂದಲೂ ಪರೀಕ್ಷಿಸಬೇಕು.

ಇ) ರಾತ್ರಿ ನಿಲ್ಲಿಸುವಾಗ ಉಪಕರಣವನ್ನು ನೆಲಕ್ಕೆ ಇಳಿಸಿಡಬೇಕು.

ಈ) ಬಾಗಿದ ಕೆಳತೋಳನ್ನು ಕುಲುಮೆಯಲ್ಲಿ ಕಾಯಿಸಿ ನೆಟ್ಟಗೆ ಮಾಡಿಸಬಾರದು. ಹದಗೊಳಿಸಿದ ಉಕ್ಕು ಕಾಯಿಸಿದಾಗ ತನ್ನ ಬಲ ಕಳೆದುಕೊಳ್ಳುತ್ತದೆ. ನೋಟಕ್ಕೆ ನೆಟ್ಟಗಿದ್ದರೂ ಮುಂದಿನ ಪೆಟ್ಟಿಗೆ ನಿಲ್ಲುವುದಿಲ್ಲ. ಬದಲಾಯಿಸುವುದೇ ಸರಿ.

ಗದ್ದೆಯ ಯಜಮಾನನ ಹೊಣೆ

ಇಂದು ಬಹಳಷ್ಟು ರೈತರು ಬಾಡಿಗೆ ಟ್ರ್ಯಾಕ್ಟರನ್ನೇ ಆಶ್ರಯಿಸಿದ್ದಾರೆ. ರಾಜ್ಯದಲ್ಲಿ 2014-15ರಲ್ಲಿ ಆರಂಭವಾದ ಕೃಷಿ ಯಂತ್ರಧಾರೆಯ ಕೇಂದ್ರಗಳಿಂದಲೂ ಯಂತ್ರಗಳನ್ನು ಬಾಡಿಗೆಗೆ ಪಡೆಯಬಹುದಾಗಿದೆ. ಬಾಡಿಗೆ ಗಂಟೆಯ ಲೆಕ್ಕದಲ್ಲಿರುವಾಗ ಗದ್ದೆಯವನಿಗೂ ಚಾಲಕನಿಗೂ ಅವಸರ. ಎತ್ತದೆ ತಿರುಗಿಸುವ ಅಭ್ಯಾಸ ಹುಟ್ಟುವುದು ಈ ಅವಸರದಲ್ಲಿ. ಆದರೆ 80 ತಿರುವುಗಳಲ್ಲಿ ತಲಾ 5 ಸೆಕೆಂಡ್ ಹೆಚ್ಚು ಹಿಡಿದರೂ ಎಕರೆಗೆ ಆಗುವ ತಡ 7 ನಿಮಿಷವನ್ನು ದಾಟುವುದಿಲ್ಲ. ತೋಳು ಬಾಗಿದರೆ ಹೋಗುವುದು ದಿನಗಳು.

ಗದ್ದೆಯಲ್ಲಿ ಎಲ್ಲಿ ಕಲ್ಲಿದೆ, ಎಲ್ಲಿ ಬುಡವಿದೆ, ಎಲ್ಲಿ ಕೆಸರು ಆಳ ಎಂಬುದು ಚಾಲಕನಿಗೆ ತಿಳಿಯದು, ಗದ್ದೆಯವನಿಗೆ ಗೊತ್ತು. ಗದ್ದೆಯಲ್ಲಿ ನೀರು ನಿಲ್ಲುವ ಮೊದಲೇ ಅಂಥ ಜಾಗಗಳಲ್ಲಿ ಉದ್ದನೆಯ ಕೋಲು ನೆಟ್ಟು ತುದಿಗೆ ಬಟ್ಟೆಯ ತುಂಡು ಕಟ್ಟಿದರೆ ಸಾಕು. ಬೇಸಿಗೆಯಲ್ಲಿ ಬಿಡುವಿದ್ದಾಗ ಕಲ್ಲು, ಬುಡಗಳನ್ನು ತೆಗೆಸಿ, ಅಂಚುಗಳಲ್ಲಿ ಯಂತ್ರ ಇಳಿಯಲು ಇಳಿಜಾರಾದ ಕಂಡಿ ಮಾಡಿಸಿಟ್ಟರೆ ಇನ್ನೂ ಉತ್ತಮ.

ವಿಸ್ತರಣಾ ಕಾರ್ಯಕರ್ತರು ಮುಂಗಾರಿಗೆ ಮೊದಲು, ಮೇ ತಿಂಗಳಲ್ಲಿ, ಊರಿನ ಚಾಲಕರನ್ನು ಒಂದೆಡೆ ಸೇರಿಸಿ ಅರ್ಧ ದಿನದ ಪ್ರಾತ್ಯಕ್ಷಿಕೆ ಏರ್ಪಡಿಸಬಹುದು. 22 ಮತ್ತು 28 ಮಿಲಿಮೀಟರಿನ ಎರಡು ಹೊಸ ಪಿನ್ನುಗಳನ್ನು ಕೈಯಲ್ಲಿ ಹಿಡಿದು ಪ್ರತಿ ಟ್ರ್ಯಾಕ್ಟರಿನ ತೂತಿಗೂ ಹಾಕಿ ನೋಡಿದರೆ ಸವೆತವೆಷ್ಟು ಎಂಬುದು ಎಲ್ಲರಿಗೂ ಕಣ್ಣಾರೆ ಕಾಣುತ್ತದೆ. ಸರಪಳಿಯನ್ನು ಎಲ್ಲಿ ಸಿಕ್ಕಿಸಬೇಕು, ಎಲ್ಲಿ ಕೂಡದು ಎಂಬುದನ್ನು ಟ್ರ್ಯಾಕ್ಟರಿನ ಹಿಂದೆ ನಿಲ್ಲಿಸಿ ಬೆರಳಿಟ್ಟು ತೋರಿಸುವುದು ಹತ್ತು ಭಾಷಣಗಳಿಗಿಂತ ಮೇಲು.

ಸಾರಾಂಶವಾಗಿ, ತಿರುಗುವ ಮೊದಲು ಎತ್ತುವುದು, ಅಳತೆಗೆ ಸರಿಯಾದ ಪಿನ್ನು ಹಾಕುವುದು, ಸರಪಳಿಯನ್ನು ಕೆಳಗಿನ ಕೊಂಡಿಗೇ ಸಿಕ್ಕಿಸುವುದು ಈ ಮೂರನ್ನು ತಪ್ಪದೆ ಪಾಲಿಸಿದಲ್ಲಿ ಹಿಂಬದಿ ಜೋಡಣೆ ಬಹುಕಾಲ ಬಾಳುತ್ತದೆ. ಮಳೆ ಬಂದಾಗ ಗದ್ದೆ ಕಾಯುವುದಿಲ್ಲ, ಅಗೆಯೂ ಕಾಯುವುದಿಲ್ಲ. ಆದುದರಿಂದ ರೈತ ಬಾಂಧವರು ಮತ್ತು ಚಾಲಕರು ಮುಂದಿನ ಹೂಟಿಗೆ ಇಳಿಯುವ ಮೊದಲು ಒಮ್ಮೆ ಟ್ರ್ಯಾಕ್ಟರಿನ ಹಿಂದೆ ಹೋಗಿ, ಬಗ್ಗಿ, ಒಂದೊಂದು ಪಿನ್ನನ್ನೂ ಕೈಯಿಂದ ಅಲ್ಲಾಡಿಸಿ ನೋಡುವುದು ಒಳ್ಳೆಯದು.